ಮೆಣಸಿನ ದುಡ್ಡು, ಲಿಸ್ಬನ್ ಪ್ರಯಾಣ

ಈ ಸಲ ಕಾಳುಮೆಣಸು ಮಾರಿದ ದುಡ್ಡನ್ನು ಖಾತೆಯಲ್ಲೇ ಬಿಟ್ಟಿದ್ದೆ. ಪೋರ್ಚುಗಲ್ಲಿನ ಲಿಸ್ಬನ್ ನೋಡಬೇಕು, ಅದರ ವೀಸಾಕ್ಕೆ ಬ್ಯಾಂಕ್ ಲೆಕ್ಕ ತೋರಿಸಬೇಕು. 30,000 ಯೂರೋ ವಿಮೆ ಬೇರೆ!

"ಬಾವಿ ಪಂಪು ಕೆಟ್ಟು ಕೂತಿದೆ. ಅಲ್ಲೇನಿದೆ ನೋಡೋಕೆ?" ಅಂದರು ಅಪ್ಪ.

1497ರಲ್ಲಿ ಅಲ್ಲಿಂದ ಹೊರಟ ವಾಸ್ಕೋ ಡ ಗಾಮಾ ಮರುವರ್ಷ ಕೋಳಿಕೋಡಿಗೆ ಬಂದ. ಅವನ ಸಮಾಧಿಯಿರುವ ಜೆರೋನಿಮಸ್ ಮಠಕ್ಕೆ ಹಣ ಬಂದದ್ದು ಬಹುಪಾಲು ಮೆಣಸು, ಮಸಾಲೆ ವ್ಯಾಪಾರದ ಮೇಲಿನ ನೂರಕ್ಕೆ 5ರ ತೆರಿಗೆಯಿಂದ. ಆಮೇಲೆ ನಮ್ಮ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೂ 'ಮೆಣಸಿನ ರಾಣಿ' ಅಂತಲೇ. ಇಷ್ಟನ್ನೂ ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಆ ಗೋಡೆಯಲ್ಲಿ ನಮ್ಮ ಕಡೆಯ ಕಾಳೂ ಇರಬಹುದು. ನೋಡ್ಕೊಂಡು ಬಾ. ಆದ್ರೆ ಪಂಪು ಮೊದಲು."

ಪಂಪಿಗೆ ದುಡ್ಡು ತೆಗೆದೆ. ಲಿಸ್ಬನ್ ಮುಂದಿನ ಕೊಯ್ಲಿಗೆ ಹೋಯಿತು. ಮಠಕ್ಕೆ ಸೋಮವಾರ ರಜೆ ಅಂತ ಮಾತ್ರ ಈಗಲೇ ಬರೆದಿಟ್ಟುಕೊಂಡಿದ್ದೇನೆ.