ಬೆಂಕಿ ಆರಿಸಿದ ಮೇಲಿನ ಭಯ

ಪಾತ್ರೆಯ ಮೇಲೆ ಅಷ್ಟು ಬಾಗಬೇಡಿ, ಆವಿ ಮುಖಕ್ಕೆ ಹೊಡೆಯುತ್ತದೆ. ಥರ್ಮಾಮೀಟರನ್ನು ತಳಕ್ಕೆ ತಾಗಿಸದೆ ನೀರಿನ ನಡುವೆ ಹಿಡಿಯಿರಿ. 68. ಸ್ವಲ್ಪ ತಡೆದು 69. 14 ಲೀಟರ್ ನೀರು ಈ ಅಡುಗೆಮನೆಯ ಒಲೆಯ ಮೇಲೆ ಇಲ್ಲಿಯವರೆಗೆ ಬರಲು ಮುಕ್ಕಾಲು ಗಂಟೆ ಸತಾಯಿಸಿದೆ. ಕೊನೆಯ ಡಿಗ್ರಿ ಮಾತ್ರ ನೀವು ಅತ್ತ ತಿರುಗಿ ಇತ್ತ ನೋಡುವಷ್ಟರಲ್ಲಿ ಏರಿರುತ್ತದೆ. 70. ಒಲೆ ಆರಿಸಿ. ಈಗಲೇ.

ಹೊರಗೆ ಪೋರ್ಟ್‌ಲೆಂಡಿನ ನವೆಂಬರ್ ಮಳೆ ಬೆಳಗಿನಿಂದ ಒಂದೇ ಸಮನೆ ಜಿನುಗುತ್ತಿದೆ. ನಲ್ಲಿಯಲ್ಲಿ ಬರುವುದೂ ಮಳೆಯ ನೀರೇ, ಮೌಂಟ್ ಹುಡ್ ಪಕ್ಕದ ಬುಲ್ ರನ್ ಕಾಡಿನದು. ಲವಣ ಇಲ್ಲವೆನ್ನುವಷ್ಟು ಮೆದು. ಆದರೆ ಊರಿಗೆ ಬಿಡುವ ಮುಂಚೆ ಅದಕ್ಕೆ ಕ್ಲೋರಮಿನ್ ಬೆರೆಸಿರುತ್ತಾರೆ, ಅದು ಕುದಿಸಿದರೂ ಸುಲಭಕ್ಕೆ ಹೋಗುವುದಿಲ್ಲ. ಉಳಿದರೆ ಬಿಯರ್ ಬ್ಯಾಂಡೇಜಿನ ವಾಸನೆ ಹೊಡೆಯುತ್ತದೆ. ಅದಕ್ಕೇ ಒಲೆ ಹಚ್ಚುವ ಮೊದಲು ಕ್ಯಾಂಪ್ಡನ್ ಮಾತ್ರೆಯ ಒಂದು ಚೂರನ್ನು ಚಮಚದ ಬೆನ್ನಲ್ಲಿ ಪುಡಿಮಾಡಿ ಹಾಕಿದ್ದೀರಿ. ನೀರಿನ ವಿಷಯದಲ್ಲಿ ಇವತ್ತಿಗೆ ಇಷ್ಟು ಸಾಕು. ಪಿಎಚ್, ಕ್ಯಾಲ್ಸಿಯಂ, ಸಲ್ಫೇಟ್ ಎಂದು ಪುಸ್ತಕಗಳು ಹೆದರಿಸುತ್ತವೆ. ಮೊದಲ ಸಲಕ್ಕೆ ಆ ತಲೆನೋವು ಬೇಡ ಅನ್ನುವವನು ನಾನು.

ಪಾತ್ರೆಯೊಳಗೆ ನೈಲಾನ್ ಬಲೆಯ ದೊಡ್ಡ ಚೀಲವೊಂದು ಬಾಯಿ ತೆರೆದು ಕೂತಿದೆ, ಅಂಚನ್ನು ಪಾತ್ರೆಯ ಕಂಠಕ್ಕೆ ಮಡಚಿ ಕ್ಲಿಪ್ ಹಾಕಿದ್ದೀರಿ. ಧಾನ್ಯ ನೆನೆಸಲು ಬೇರೆ ಪಾತ್ರೆ, ಸೋಸಲು ಬೇರೆ ಪಾತ್ರೆ, ಅವುಗಳ ನಡುವೆ ಕೊಳವೆ, ಪಂಪು ಏನೂ ಬೇಡವೆಂದು ಆಸ್ಟ್ರೇಲಿಯಾದ ಹವ್ಯಾಸಿಗಳು ರೂಢಿಗೆ ತಂದ ದಾರಿ ಇದು. ಒಂದು ಪಾತ್ರೆ, ಒಂದು ಚೀಲ. ಕೌಂಟರಿನ ಮೇಲೆ ಅಂಗಡಿಯವನೇ ನುಚ್ಚು ಮಾಡಿಕೊಟ್ಟ ಬಾರ್ಲಿ ಮಾಲ್ಟ್ ಇದೆ. 2 ಕಿಲೋ ಮಾಮೂಲು ಪೇಲ್ ಮಾಲ್ಟ್, 200 ಗ್ರಾಂ ಕ್ಯಾರಮೆಲ್ ಬಣ್ಣದ ಕ್ರಿಸ್ಟಲ್ ಮಾಲ್ಟ್. ಕೈ ಹಾಕಿ ನೋಡಿ. ಒಣಗಿದ ಹೊಟ್ಟು ಬೆರಳಿಗೆ ಚುಚ್ಚುತ್ತದೆ, ಬಿಳಿ ಹಿಟ್ಟು ಅಂಗೈ ಗೆರೆಗಳಲ್ಲಿ ಕೂರುತ್ತದೆ. ಮೂಗಿಗೆ ತಂದರೆ ಊರಿನ ನೆನಪಾದರೆ ಆಶ್ಚರ್ಯವಿಲ್ಲ. ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ ಮಗುವಿಗೆ ರಾಗಿ ಸರಿ ಮಾಡುವ ಮನೆಯಲ್ಲಿ ನಡೆಯುವುದೂ ಇದೇ ಕೆಲಸ. ಮೊಳಕೆ ಒಡೆಯುವಾಗ ಕಾಳು ತನ್ನ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳಲು ಕಿಣ್ವಗಳನ್ನು ಹುಟ್ಟಿಸಿಕೊಳ್ಳುತ್ತದೆ. ಒಣಗಿಸಿದಾಗ ಅವು ನಿದ್ದೆ ಹೋಗುತ್ತವೆ. ಬಿಸಿನೀರು ಬಿದ್ದಾಗ ಏಳುತ್ತವೆ.

ಸುರಿಯಿರಿ. ಒಂದೇ ಸಲ ಅಲ್ಲ, ಸ್ವಲ್ಪ ಸ್ವಲ್ಪ. ಬೆನ್ನ ಹಿಂದೆ ನಿಂತ ರೂಮ್‌ಮೇಟ್ ಮಂಡ್ಯದವನು, ನೋಡಿಕೊಂಡು ಸುಮ್ಮನಿರಲಾರ.

“ಗುರೂ, ಮುದ್ದೆ ಥರಾನೇ ಇದೂವೆ. ಗಂಟು ಕಟ್ಕೊಳ್ಳುತ್ತೆ ನೋಡು, ತಿರುವು, ತಿರುವು.”

ಅವನು ಹೇಳಿದ್ದು ಸರಿ. ಗಂಟಿನೊಳಗೆ ಒಣ ಹಿಟ್ಟು ಉಳಿದರೆ ಅಲ್ಲಿಗೆ ನೀರೂ ಹೋಗದು, ಕಿಣ್ವವೂ ತಲುಪದು. ಮರದ ಹುಟ್ಟಿನಿಂದ ತಳದಿಂದ ಮೇಲಕ್ಕೆ ಎತ್ತಿ ಎತ್ತಿ ತಿರುವಿ. ಮಣಿಕಟ್ಟು ನೋಯುತ್ತದೆ, ಹಣೆಯ ಬೆವರು ಹುಬ್ಬಿಗೆ ಇಳಿಯುತ್ತದೆ. ಮತ್ತೆ ಥರ್ಮಾಮೀಟರ್. ತಣ್ಣಗಿನ ಧಾನ್ಯ ತನ್ನ ಪಾಲಿನ ಬಿಸಿ ಹೀರಿಕೊಂಡಿದೆ: 67.

ಇಡೀ ಬೆಳಗ್ಗೆ ಕಾದದ್ದು ಈ ಅಂಕಿಗಾಗಿ. 64ರ ಸುತ್ತ ಹಿಡಿದಿದ್ದರೆ ಒಂದು ಬಗೆಯ ಕಿಣ್ವ ಹೆಚ್ಚು ದುಡಿದು, ಯೀಸ್ಟ್ ಪೂರ್ತಿ ತಿಂದುಹಾಕುವ ಸಣ್ಣ ಸಕ್ಕರೆಯನ್ನೇ ಮಾಡಿ, ಬಿಯರ್ ತೆಳ್ಳಗೆ ಒಣಗಿದಂತಾಗುತ್ತಿತ್ತು. 70ರ ಹತ್ತಿರ ಹೋದರೆ ಇನ್ನೊಂದು ಬಗೆಯದರ ಕೈ ಮೇಲಾಗಿ, ಯೀಸ್ಟಿಗೆ ದಕ್ಕದ ಸಕ್ಕರೆ ಉಳಿದು ಬಾಯಿಗೆ ದಪ್ಪ ಸಿಗುತ್ತದೆ. 80 ಮುಟ್ಟಿದ್ದರೆ ಬೇಗನೆ ಎರಡೂ ಸತ್ತು, ನಿಮ್ಮ ಮುಂದೆ ಬಾರ್ಲಿ ಗಂಜಿ ಇರುತ್ತಿತ್ತು. 67 ನಡುದಾರಿ. ಮುಚ್ಚಳ ಹಾಕಿ, ಹಳೇ ರಗ್ಗೊಂದನ್ನು ಪಾತ್ರೆಗೆ ಸುತ್ತಿ. ಒಂದು ಗಂಟೆ ಮುಟ್ಟುವಂತಿಲ್ಲ.

ರೂಮ್‌ಮೇಟಿಗೆ ಈಗ ಪುರುಸೊತ್ತು ಸಿಕ್ಕಿದೆ. “ಇದೆಲ್ಲ ಲೀಗಲ್ಲಾ? ಪೊಲೀಸ್ ಬರಲ್ವಾ?”

ಇಲ್ಲಿ ಬರುವುದಿಲ್ಲ. 1978ರ ಅಕ್ಟೋಬರಿನಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯಿದೆ ಮನೆಬಳಕೆಯ ಬಿಯರನ್ನು ಫೆಡರಲ್ ತೆರಿಗೆಯಿಂದ ಬಿಟ್ಟಿತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ 200. ಮಾರುವಂತಿಲ್ಲ. ಒಂದೊಂದು ರಾಜ್ಯವೂ ಬೇರೆಯಾಗಿ ಒಪ್ಪಬೇಕಿತ್ತು, ಕೊನೆಯವೆರಡು, ಅಲಬಾಮ ಮತ್ತು ಮಿಸಿಸಿಪ್ಪಿ, ಒಪ್ಪಿದ್ದು 2013ರಲ್ಲಿ. ಇದನ್ನೇ ಮಂಡ್ಯದಲ್ಲಿ ಮಾಡಿದರೆ 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಅಪರಾಧ. ಲೈಸೆನ್ಸ್ ಇಲ್ಲದೆ ಅಲ್ಲಿ ಈ ಪಾತ್ರೆ ಒಲೆ ಏರುವಂತಿಲ್ಲ.

“ಸರಿ. ಕಣ್ಣು ಗಿಣ್ಣು ಹೋದ್ರೆ?”

ನಗಬೇಡಿ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತ ನಾಡಿನವರಿಗೆ ಈ ಭಯ ಬರುವುದು ಸಹಜ. ಆದರೆ ಅಂಥ ಸಾವುಗಳ ಹಿಂದೆ ಇರುವುದು ಸಾರಾಯಿಗೆ ಬೆರೆತ ಮೆಥನಾಲ್. ಬಾರ್ಲಿ ಹುದುಗಿದಾಗ ಅದು ಲೆಕ್ಕಕ್ಕೆ ಬಾರದಷ್ಟು ಕಡಿಮೆ ಹುಟ್ಟುತ್ತದೆ, ಭಟ್ಟಿ ಇಳಿಸದ ಕಾರಣ ಒಂದೆಡೆ ಸೇರಿ ಗಟ್ಟಿಯಾಗುವುದೂ ಇಲ್ಲ. ಕೆಟ್ಟ ಬಿಯರ್ ಹುಳಿಯಾಗಿ ನಾಲಿಗೆಗೆ ಶಿಕ್ಷೆ ಕೊಡುತ್ತದೆ, ಕಣ್ಣಿಗಲ್ಲ.

ಗಂಟೆ ಆಯಿತು. ರಗ್ಗು ಬಿಚ್ಚಿ, ಮುಚ್ಚಳ ತೆಗೆಯಿರಿ. ಹಾಕುವಾಗ ಹಾಲುಬಿಳಿ ಇದ್ದ ನೀರು ಜೇನುಬಣ್ಣಕ್ಕೆ ತಿರುಗಿದೆ. ಒಂದು ಹನಿ ಬಿಳಿ ತಟ್ಟೆಯ ಮೇಲೆ, ಅದರ ಪಕ್ಕಕ್ಕೆ ಒಂದು ಹನಿ ಅಯೋಡಿನ್. ಎರಡನ್ನೂ ಸೇರಿಸಿ. ಕಪ್ಪುನೀಲಿಗೆ ತಿರುಗಿದರೆ ಪಿಷ್ಟ ಉಳಿದಿದೆ ಎಂದರ್ಥ. ತಿರುಗುವುದಿಲ್ಲ. ಅಯೋಡಿನ್ ತನ್ನ ಕಂದುಬಣ್ಣದಲ್ಲೇ ಇದೆ. ಆ ತಟ್ಟೆ ತೊಳೆಯಿರಿ, ಬೇರೆ ಚಮಚದಲ್ಲಿ ರುಚಿ ನೋಡಿ. ತುಟಿ ಅಂಟುವಷ್ಟು ಸಿಹಿ. ಸಕ್ಕರೆಯ ಒಂದು ಹರಳೂ ಹಾಕದೆ ಬಂದ ಸಿಹಿ.

ಚೀಲ ಎತ್ತಿ. ಒಣಗಿದ್ದಾಗ ಎರಡು ಕಿಲೋ ಇದ್ದದ್ದು ಈಗ ಅದರ ದುಪ್ಪಟ್ಟು, ಮೇಲೆ ಕೈ ಸುಡುವ ಬಿಸಿ. ತೋಳು ನಡುಗುತ್ತದೆ, ಧಾರೆ ಪಾತ್ರೆಗೆ ಬೀಳುತ್ತದೆ, ಒಂದಷ್ಟು ಒಲೆಯ ಮೇಲೂ ಬೀಳುತ್ತದೆ. ಹಿಂಡಿದರೆ ಒಗರು ಬರುತ್ತದೆಂಬ ಹಳೆಯ ಮಾತೊಂದಿದೆ. ಕೇಳಬೇಡಿ, ಗ್ಲೌಸ್ ಹಾಕಿ ಹಿಂಡಿ. ಒಗರಿಗೆ ಅತಿಯಾದ ಬಿಸಿಯೂ ತಪ್ಪು ಪಿಎಚ್ಚೂ ಕಾರಣ, ನಿಮ್ಮ ಮುಷ್ಟಿಯಲ್ಲ.

ಈಗ ಒಲೆ ಪೂರ್ತಿ ಉರಿಯಲಿ. ಪಾತ್ರೆಯಲ್ಲಿರುವುದಕ್ಕೆ ಇನ್ನು ವರ್ಟ್ ಎಂಬ ಹೆಸರು. ಮುಚ್ಚಳ ಹಾಕಬೇಡಿ, ಬೇಯಿಸಿದ ಮೆಕ್ಕೆಜೋಳದ ವಾಸನೆ ಕೊಡುವ ಗಂಧಕದ ಅಂಶವೊಂದು ಆವಿಯ ಜೊತೆ ಹೊರಗೆ ಹೋಗಬೇಕು. ಗೋಡೆ ಬೆವರುತ್ತದೆ, ಕಿಟಕಿ ಮಂಜಾಗುತ್ತದೆ. ಮೇಲೆ ಕೆನೆ ಕಟ್ಟುತ್ತದೆ, ಮಾಲ್ಟಿನ ಪ್ರೋಟೀನು ಅದು. ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಫೋನ್ ನೋಡೋಣ ಅನ್ನಿಸುತ್ತದೆ.

ನೋಡಬೇಡಿ. ಕೆನೆ ಉಬ್ಬಿತು. ಕಂಠಕ್ಕೆ ಎರಡು ಬೆರಳು. ಒಂದು ಬೆರಳು. ಉರಿ ಇಳಿಸಿ! ಸೌಟಿನಿಂದ ನೊರೆ ಒಡೆಯಿರಿ, ಇನ್ನೊಂದು ಕೈಯಲ್ಲಿ ತಣ್ಣೀರು ಚಿಮುಕಿಸಿ. ಅಂಚಿನಿಂದ ಒಂದು ಎಳೆ ಹೊರಗೆ ಇಳಿದು ಬರ್ನರಿನ ಮೇಲೆ ಚುಯ್ಯೆಂದು ಸುಟ್ಟಿತು. ಸುಟ್ಟ ಸಕ್ಕರೆಯ ಹೊಗೆ. ಸ್ಮೋಕ್ ಅಲಾರ್ಮ್ ಕಿರುಚುತ್ತದೆ. ರೂಮ್‌ಮೇಟ್ ಕುರ್ಚಿ ಹತ್ತಿ ಟವೆಲ್ ಬೀಸುತ್ತಾನೆ. ಬಗ್ಗಬೇಡಿ, ಸೌಟು ಬಿಡಬೇಡಿ. ನೊರೆ ತಡೆಯಿತು. ಕುಸಿಯಿತು. ಈಗ ಕಾಣುವುದು ಉರುಳುರುಳಿ ಕುದಿಯುವ ಸ್ವಚ್ಛ ಕಂದು ನೀರು, ಅದರೊಳಗೆ ಮೊಟ್ಟೆ ಒಡೆದು ಹಾಕಿದಂಥ ಚೂರುಗಳು. ಇನ್ನು ಅದು ಉಕ್ಕುವ ಸಂಭವ ಕಡಿಮೆ.

ಬಿಯರಿಗೆ ಕಹಿಯೂ ಘಮವೂ ಕೊಡುವ ಹಾಪ್ಸ್ ಪೊಟ್ಟಣ ಕತ್ತರಿಸಿ. ಹಸಿರು ಗುಳಿಗೆಗಳು, ಒಂದನ್ನು ಬೆರಳಲ್ಲಿ ಉಜ್ಜಿ ಮೂಸಿ. ಚಕ್ಕೋತದ ಸಿಪ್ಪೆ ಸುಲಿದ ಘಮ, ಹಿಂದೆಯೇ ಪೈನ್ ಮರದ ಅಂಟು. ತಳಿಯ ಹೆಸರು ಕ್ಯಾಸ್ಕೇಡ್. ಇಲ್ಲಿಂದ ಒಂದೂವರೆ ಗಂಟೆ ದಾರಿಯ ಕೊರ್ವಾಲಿಸ್‌ನಲ್ಲಿ, ಅಮೆರಿಕದ ಕೃಷಿ ಇಲಾಖೆ ಮತ್ತು ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ತಳಿ ಕೆಲಸದಿಂದ 1972ರಲ್ಲಿ ಹೊರಬಂದದ್ದು. 15 ಗ್ರಾಂ ಈಗ. ಒಂದು ಗಂಟೆ ಕುದಿದು ಅದರ ಘಮ ಹಾರಿಹೋಗಿ ಕಹಿ ಉಳಿಯುತ್ತದೆ. ಇನ್ನು 15 ಗ್ರಾಂ ಕೊನೆಯ ಹತ್ತು ನಿಮಿಷಕ್ಕೆ, ರುಚಿಗಾಗಿ. ಉಳಿದದ್ದೆಲ್ಲ ಉರಿ ನಿಂತಾಗ, ಮೂಗಿಗಾಗಿ.

ಉರಿ ನಿಂತಿತು. ಹಾಪ್ಸ್ ಹಾಕಿ ಮುಚ್ಚಳ ಮುಚ್ಚಿ.

ನಿಮ್ಮ ಭಯ ಈಗ ತನ್ನ ಜಾಗ ಬದಲಿಸಬೇಕು. ಇಲ್ಲಿಯವರೆಗೆ ಬೆಂಕಿ ನಿಮ್ಮ ಕಡೆಗಿತ್ತು. ಕೊಳಕು ಚಮಚ ಹಾಕಿದ್ದರೂ, ಕೂದಲು ಬಿದ್ದಿದ್ದರೂ, ರೂಮ್‌ಮೇಟ್ ಸೀನಿದ್ದರೂ ಕುದಿ ಎಲ್ಲವನ್ನೂ ಕೊಂದುಹಾಕುತ್ತಿತ್ತು. ಇನ್ನು ಮುಂದೆ ಪಾತ್ರೆಯಲ್ಲಿರುವುದು ಕಾವಲಿಲ್ಲದ ಸಕ್ಕರೆ ನೀರು. ಲೂಯಿ ಪಾಶ್ಚರ್ 1876ರಲ್ಲಿ ಬಿಯರಿನ ಮೇಲೆ ಇಡೀ ಪುಸ್ತಕ ಬರೆದದ್ದು ಇದನ್ನೇ ತೋರಿಸಲು: ಬಿಯರ್ ಕೆಡುವುದು ಹೊರಗಿನಿಂದ ಹೊಕ್ಕ ಸೂಕ್ಷ್ಮಜೀವಿಗಳಿಂದ. ತಣ್ಣಗಾದಷ್ಟೂ ಅವಕ್ಕೆ ಹಬ್ಬ. ಆದರೆ ತಣ್ಣಗಾಗದೆ ಯೀಸ್ಟ್ ಹಾಕುವಂತಿಲ್ಲ, ಅದೂ ಜೀವಿಯೇ.

ಐಸು ತುಂಬಿದ ಬಾತ್‌ಟಬ್ ಹಜಾರದ ಆಚೆ ಇದೆ. ಈಗಲೇ ಎತ್ತಿಕೊಂಡು ಹೋಗುವಿರಾ? ಹತ್ತು ಕಿಲೋ, ನೂರರ ಹತ್ತಿರದ ಬಿಸಿ. ಸಕ್ಕರೆ ನೀರು ಚೆಲ್ಲಿದರೆ ಜಾರುವುದಿಲ್ಲ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಕಾಯಿರಿ. ಮುಚ್ಚಿದ ಪಾತ್ರೆಯೊಳಗೆ ಆವಿ ಇರುವಷ್ಟು ಹೊತ್ತು ಅಪಾಯವಿಲ್ಲ, ಕಾಲು ಗಂಟೆಗೆ ನಿಮ್ಮ ಬಿಯರ್ ಕೆಡದು. ಆಮೇಲೆ ಎರಡೂ ಕೈಗೆ ದಪ್ಪ ಮಸಿಬಟ್ಟೆ, ರೂಮ್‌ಮೇಟ್ ಮುಂದೆ ನಡೆದು ಚಪ್ಪಲಿ ಒದ್ದು ದಾರಿ ಬಿಡಿಸಲಿ. ಹೆಜ್ಜೆ, ಹೆಜ್ಜೆ, ತಿರುವು. ಮೊಣಕಾಲು ಮಡಚಿ ಇಳಿಸಿ. ಐಸು ಸಿಡಿಯುತ್ತದೆ.

ಇತ್ತ ಸ್ಯಾನಿಟೈಸರ್ ಬಕೆಟ್ಟಿನಲ್ಲಿ ನಿಮ್ಮ ಕೈ ಮೊಣಕೈವರೆಗೆ ಮುಳುಗಿದೆ. ಫರ್ಮೆಂಟರ್, ಮುಚ್ಚಳ, ಏರ್‌ಲಾಕ್, ಜರಡಿ, ಕತ್ತರಿ, ಯೀಸ್ಟ್ ಪ್ಯಾಕೆಟ್ಟಿನ ಹೊರಮೈ ಕೂಡ. ನೊರೆ ಉಳಿದರೆ ಉಳಿಯಲಿ, ಇದು ತೊಳೆಯಬೇಕಿಲ್ಲದ ಆಮ್ಲ. ಮೂಗು ತುರಿಸುತ್ತದೆ. ತುರಿಸಿಕೊಂಡಿರೋ, ಕೈ ಮತ್ತೆ ಬಕೆಟ್ಟಿಗೆ.

20 ಡಿಗ್ರಿ. ವರ್ಟನ್ನು ಎತ್ತರದಿಂದ ಫರ್ಮೆಂಟರಿಗೆ ಸುರಿಯಿರಿ, ಗಾಳಿ ಬೆರೆಯಲಿ. ಯೀಸ್ಟಿಗೆ ಆರಂಭದಲ್ಲಿ ಆಮ್ಲಜನಕ ಬೇಕು, ಇಡೀ ಕಥೆಯಲ್ಲಿ ಅದು ಬೇಕಾಗುವುದು ಇಲ್ಲೊಂದೇ ಕಡೆ. ಒಂದಿಷ್ಟನ್ನು ಉದ್ದ ಲೋಟಕ್ಕೆ ತೆಗೆದು ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತೇಲಿಬಿಡಿ: 1.050. ಸುಮಾರು 9 ಲೀಟರ್ ಸಿಕ್ಕಿದೆ. ಲೋಟದ್ದನ್ನು ವಾಪಸ್ ಸುರಿಯಬೇಡಿ, ಕುಡಿಯಿರಿ. ಸಿಹಿಯ ಹಿಂದೆ ಕಹಿ ಬಂದು ಕೂತಿದೆ.

ಯೀಸ್ಟ್ ಪ್ಯಾಕೆಟ್ 11.5 ಗ್ರಾಂ. ಇಷ್ಟು ವರ್ಟಿಗೆ ಅರ್ಧ ಸಾಕು, ಪೂರ್ತಿ ಹಾಕಿದರೂ ಕೇಡಿಲ್ಲ. ಬವೇರಿಯಾದ 1516ರ ಪ್ರಸಿದ್ಧ ಕಟ್ಟಳೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇಷ್ಟೇ ಎಂದಿತ್ತು, ಯೀಸ್ಟಿನ ಹೆಸರೇ ಎತ್ತಲಿಲ್ಲ. ಬಿಯರ್ ಮಾಡುವವರು ನೀವಲ್ಲ, ಈ ಮರಳುಬಣ್ಣದ ಪುಡಿ. ಉದುರಿಸಿ, ಮುಚ್ಚಿ, ಒಳಗಿನ ಅನಿಲ ಹೊರಬಿಡುವ ಏರ್‌ಲಾಕಿಗೆ ನೀರು ಹಾಕಿ, ಕತ್ತಲ ಕಪಾಟಿನೊಳಗೆ ಇಡಿ.

ರಾತ್ರಿ ಹನ್ನೊಂದಕ್ಕೆ ಕಪಾಟು ತೆರೆದು ಕಿವಿ ಇಡುತ್ತೀರಿ. ಸದ್ದಿಲ್ಲ. ಒಂದೂವರೆಗೆ ಮತ್ತೆ. ಇಲ್ಲ. ಹೊಟ್ಟೆಯಲ್ಲಿ ಏನೋ ಕಿವುಚಿದಂತಾಗುತ್ತದೆ. ಬಿಸಿ ಹೆಚ್ಚಿದ್ದು ಯೀಸ್ಟ್ ಸತ್ತಿತೇ? ಕತ್ತರಿ ಅದ್ದಿದ್ದೆನೇ? ಮುಚ್ಚಳ ಎತ್ತಿ ಒಂದೇ ಒಂದು ಸಲ ನೋಡಲು ಕೈ ತುಡಿಯುತ್ತದೆ. ಎತ್ತಬೇಡಿ. ಯೀಸ್ಟ್ ಹೊಸ ಜಾಗಕ್ಕೆ ಒಗ್ಗಲು ಅರ್ಧ ದಿನ, ಕೆಲವೊಮ್ಮೆ ಒಂದು ದಿನ ಹಿಡಿಯುತ್ತದೆ. ಬೆಳಗ್ಗೆ ಹಲ್ಲುಜ್ಜುವಾಗ ಕಪಾಟಿನಿಂದ ಕೇಳುತ್ತದೆ: ಬುಳಕ್. ತುಸು ತಡೆದು ಇನ್ನೊಂದು. ಸಂಜೆಗೆ ನಿಲ್ಲದೆ ಬುಳಬುಳ, ಬಾಗಿಲು ತೆರೆದರೆ ಬ್ರೆಡ್ಡು, ಹಣ್ಣು, ತುಸು ಗಂಧಕ.

ಎರಡು ವಾರಕ್ಕೆ ಹೈಡ್ರೋಮೀಟರ್ 1.011 ತೋರಿಸುತ್ತದೆ. ಮೂರು ದಿನ ಬಿಟ್ಟು ಮತ್ತೆ 1.011. ಇಳಿಕೆಯನ್ನು 131.25ರಿಂದ ಗುಣಿಸಿ, ಆಲ್ಕೋಹಾಲ್ ಶೇಕಡ 5ರ ಆಸುಪಾಸು. ಅಂಕಿ ಅಲುಗದೆ ನಿಂತದ್ದನ್ನು ಎರಡು ಸಲ ನೋಡಿದ ಮೇಲಷ್ಟೇ ಬಾಟಲಿ. ಯೀಸ್ಟ್ ಇನ್ನೂ ತಿನ್ನುತ್ತಿರುವಾಗ ಮುಚ್ಚಳ ಒತ್ತಿದರೆ ಅನಿಲಕ್ಕೆ ಹೋಗಲು ದಾರಿಯಿಲ್ಲ, ಗಾಜು ಸಿಡಿಯುತ್ತದೆ. 8 ಲೀಟರಿಗೆ 50 ಗ್ರಾಂ ಸಕ್ಕರೆ, ತಕ್ಕಡಿಯಲ್ಲಿ ತೂಗಿ. ಚಮಚದ ಅಂದಾಜು ಇಲ್ಲಿ ನಡೆಯದು. ಚೂರು ನೀರಿನಲ್ಲಿ ಕುದಿಸಿ ಆರಿಸಿ ಬೆರೆಸಿ, ತುಂಬಿ, ಒಂದೊಂದೇ ಮುಚ್ಚಳ ಒತ್ತಿ. ಬಾಟಲಿಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಇನ್ನೆರಡು ವಾರ ಅದರತ್ತ ಹೋಗಬೇಡಿ.

ಓಪನರ್ ಹಚ್ಚುವಾಗ ನೀವು ಮುಖ ಆಚೆ ತಿರುಗಿಸುತ್ತೀರಿ. ಸ್ಸ್. ಅಷ್ಟೇ. ಗ್ಲಾಸ್ ಓರೆ ಹಿಡಿದು ನಿಧಾನಕ್ಕೆ ಬಗ್ಗಿಸಿ, ತಳದ ಗಷ್ಟು ಕದಡುವ ಮೊದಲು ನಿಲ್ಲಿಸಿ. ತಾಮ್ರಬಣ್ಣ, ಸ್ವಲ್ಪ ಮಬ್ಬು, ಎರಡು ಬೆರಳು ನೊರೆ. ಚಕ್ಕೋತ ಮೊದಲು ಮೂಗಿಗೆ, ಆಮೇಲೆ ಹುರಿದ ಧಾನ್ಯ, ಗಂಟಲಲ್ಲಿ ಕಹಿ ಕೊಂಚ ಹೆಚ್ಚೇ ನಿಲ್ಲುತ್ತದೆ.

ರೂಮ್‌ಮೇಟ್ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುತ್ತಾನೆ, ಮೂಸುತ್ತಾನೆ, ಒಂದು ಗುಟುಕು ಇಳಿಸಿ ಕಣ್ಣು ಮಿಟುಕಿಸಿ ಪರೀಕ್ಷೆ ಮಾಡಿಕೊಳ್ಳುತ್ತಾನೆ.

“ಕಣ್ಣು ಕಾಣ್ತದೆ. ಕಹಿ ಜಾಸ್ತಿ ಆಯ್ತು ಗುರೂ, ಮುಂದಿನ್ಸಲ ಆ ಸೊಪ್ಪು ಕಮ್ಮಿ ಹಾಕು. ಇನ್ನೊಂದ್ ತೆಗಿ.”

ತೆಗೆಯಿರಿ. ಆದರೆ ಖಾಲಿಯಾದ ಬಾಟಲಿಗೆ ಮೊದಲು ಬಿಸಿನೀರು ಹಾಕಿ ಕುಲುಕಿ ಚೆಲ್ಲಿ. ಗಷ್ಟು ಒಣಗಿ ಹಿಡಿದರೆ ಬ್ರಷ್ಷಿಗೂ ಜಗ್ಗುವುದಿಲ್ಲ, ಮುಂದಿನ ಸಲಕ್ಕೂ ಇವೇ ಬಾಟಲಿಗಳು ಬೇಕು.