ಕಥೆಯ ಕರಡಿ, ದಾಳಿಂಬೆಯ ಜೇನು

ಮಕ್ಕಳ ಕಥೆಗಳಲ್ಲಿ ಕರಡಿಗೂ ಜೇನಿಗೂ ಬಿಡಿಸಲಾರದ ನಂಟು. ಕರಡಿಯು ಆಸೆಬುರುಕ, ಆದರೆ ಮುಗ್ಧ. ಜೇನುಗಳು ಸಣ್ಣವು, ಆದರೆ ಎಚ್ಚರವುಳ್ಳವು. ದೊಡ್ಡದು ಸೋತು ಸಣ್ಣದು ಗೆಲ್ಲುವುದನ್ನು ಕಂಡು ಮಗುವು ಕೈತಟ್ಟಿ ನಗುತ್ತದೆ. ತಾನೂ ಸಣ್ಣದೇ ಅಲ್ಲವೆ? ಹಿರಿಯರಿಗೆ ಇದರಲ್ಲಿ ಅಪಾಯವೇನೂ ತೋರುವುದಿಲ್ಲ. ಆದರೆ ಕಥೆಯೆಂಬುದು ಪುಸ್ತಕದೊಳಗೆ ಸುಮ್ಮನೆ ಕುಳಿತಿರತಕ್ಕ ವಸ್ತುವಲ್ಲ. ಅದು ಮಗುವಿನ ಕಾಲುಗಳನ್ನು ಹಿಡಿದು ಅಂಗಳಕ್ಕೆ ಇಳಿಯುತ್ತದೆ. ಹಾಗೆ ಇಳಿದ ಕಥೆಯೊಂದು ಒಂದು ಮನೆಯಲ್ಲಿ ಮಾಡಿದ ಗಲಿಬಿಲಿಯೂ, ಅದನ್ನು ಆ ಮನೆಯ ಅಜ್ಜಿಯು ಸರಿಪಡಿಸಿದ ಬಗೆಯೂ ಚಿಕ್ಕ ಮಕ್ಕಳಿರುವವರು ಕೇಳಬಹುದಾದ ಸಂಗತಿಗಳು.

ಅಜ್ಜಿಯು ಬಹುಕಾಲ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಮೊಮ್ಮಗನಿಗೆ ಐದು ವರ್ಷ. ಅವನಿಗೆ ಉಡುಗೊರೆಯಾಗಿ ಬಂದ ಪುಸ್ತಕವು ಇಂಗ್ಲೆಂಡಿನ ಎ. ಎ. ಮಿಲ್ನ್ ಎಂಬಾತನು 1926ರಲ್ಲಿ ಪ್ರಕಟಿಸಿದ 'ವಿನ್ನಿ ದ ಪೂ'. ಅದರ ಕರಡಿಯು ಮಿಲ್ನ್‌ನ ಮಗನ ಆಟಿಕೆ. ಹೆಸರಿನ ಅರ್ಧ ಬಂದುದು ಮಾತ್ರ ನಿಜವಾದ ಕರಡಿಯಿಂದ: 1914ರಲ್ಲಿ ಕೆನಡಾ ದೇಶದ ಸೈನ್ಯದ ಪಶುವೈದ್ಯನೊಬ್ಬನು ಮರಿಯಾಗಿದ್ದಾಗ ಕೊಂಡು ತಂದು ಲಂಡನ್ನಿನ ಮೃಗಾಲಯದಲ್ಲಿ ಬಿಟ್ಟುಹೋದ ವಿನ್ನಿಯೆಂಬ ಹೆಣ್ಣುಕರಡಿಯದು ಅದು. 1934ರಲ್ಲಿ ಸಾಯುವವರೆಗೂ ಆ ಸಾಧುಪ್ರಾಣಿಯು ಲಂಡನ್ನಿನ ಮಕ್ಕಳಿಗೆಲ್ಲ ಅಚ್ಚುಮೆಚ್ಚಾಗಿತ್ತು.

ಮೊದಲನೆಯ ಕಥೆಯನ್ನು ಅಜ್ಜಿಯು ಕನ್ನಡದಲ್ಲಿಯೇ ಹೇಳಿದಳು. ಕರಡಿಯು ಜೇನಿನಾಸೆಗೆ ಮರ ಹತ್ತಿ ಮುಳ್ಳುಪೊದೆಗೆ ಬೀಳುತ್ತದೆ. ಬಳಿಕ ಮೈಗೆಲ್ಲ ಕೆಸರು ಮೆತ್ತಿಕೊಂಡು, ಬೆಲೂನಿಗೆ ಜೋತುಬಿದ್ದು, ತಾನು ಕರಿಮುಗಿಲೆಂದು ಜೇನುಗಳನ್ನು ನಂಬಿಸಲು ಮೇಲೇರುತ್ತದೆ. ಕೆಳಗೆ ಅದರ ಗೆಳೆಯನು ಮಳೆ ಬರುವಂತಿದೆಯೆಂದು ನಟಿಸುತ್ತ ಕೊಡೆ ಬಿಚ್ಚಿ ಅತ್ತಿತ್ತ ನಡೆಯುತ್ತಾನೆ. ಜೇನುಗಳು ಮಾತ್ರ ಮೋಸಹೋಗುವುದಿಲ್ಲ. ಹುಡುಗನು ಹೊಟ್ಟೆ ಹಿಡಿದುಕೊಂಡು ನಕ್ಕನು.

ಮರುದಿನ ಮಧ್ಯಾಹ್ನ ಹಿತ್ತಲಿನಿಂದ ಚೀರಾಟ ಕೇಳಿಬಂತು. ಅಲ್ಲಿಯ ದಾಳಿಂಬೆಯ ಗಿಡದಲ್ಲಿ ಅಂಗೈಯಗಲದ ಒಂದು ಕೋಲುಜೇನು ಕಟ್ಟಿತ್ತು. ಹುಡುಗನು ಮೈಗೆ ಕೆಸರು ಬಳಿದುಕೊಂಡು, ತಾತನ ಕೊಡೆಯ ತುದಿಯಿಂದ ಹುಟ್ಟನ್ನು ತಿವಿದಿದ್ದನು. ಜೇನೊಂದು ಕೆನ್ನೆಗೆ ಕುಟುಕಿತ್ತು. ಅಜ್ಜಿಯು ಓಡಿಬಂದು ಕೊಂಡಿಯನ್ನು ಉಗುರಿನಿಂದ ಕೆರೆದು ತೆಗೆದು, ತಣ್ಣೀರುಬಟ್ಟೆ ಒತ್ತಿದಳು. ಉಸಿರಾಟಕ್ಕೇನೂ ತೊಂದರೆಯಿಲ್ಲವೆಂದು ನೋಡಿಕೊಳ್ಳುತ್ತ ಸಂಜೆಯವರೆಗೂ ಬಳಿಯಲ್ಲಿಯೇ ಕುಳಿತಳು. ಬಾವು ಎರಡು ದಿನಕ್ಕೆ ಇಳಿಯಿತು, ಹೆದರಿಕೆ ಇಳಿಯಲಿಲ್ಲ. ಹುಡುಗನು ಹಿತ್ತಲಿಗೆ ಹೋಗುವುದನ್ನೇ ಬಿಟ್ಟನು. ನೊಣ ಹಾರಿದರೂ ಬೆಚ್ಚುವನು.

"ಅಮ್ಮಾ, ಆ ಪುಸ್ತಕವನ್ನು ಎತ್ತಿಡು. ರಾತ್ರಿ ಪಂಜು ಹಿಡಿದು ಆ ಹುಟ್ಟನ್ನೂ ಸುಟ್ಟುಬಿಡುತ್ತೇನೆ" ಎಂದನು ಹುಡುಗನ ತಂದೆ.

"ಸುಟ್ಟರೆ ಜೇನು ಹೋದೀತು, ಹೆದರಿಕೆ ಉಳಿದೀತು. ಕಥೆಯನ್ನು ಅರ್ಧ ಹೇಳಿದವಳು ನಾನು, ಉಳಿದರ್ಧವನ್ನೂ ನಾನೇ ಹೇಳುತ್ತೇನೆ. ಒಂದು ತಿಂಗಳು ಕೊಡಪ್ಪ" ಎಂದಳು ಅಜ್ಜಿ.

ಚಿಕ್ಕ ಮಕ್ಕಳಿಗೆ ಉಪದೇಶವು ರುಚಿಸದೆಂಬುದು ಅವಳಿಗೆ ಗೊತ್ತು. ಆಟವೇ ಎಳೆಯರ ಕಲಿಕೆಯೆಂದು ತಿಳಿದು ಜರ್ಮನಿಯ ಫ್ರೋಬೆಲನು 1837ರಲ್ಲಿ ಶಾಲೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ 'ಮಕ್ಕಳ ತೋಟ' ಎಂಬರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟನು. ಅಜ್ಜಿಯು ತನ್ನ ಜಗಲಿಯನ್ನೇ ಅಂಥ ತೋಟವಾಗಿ ಮಾಡಿಕೊಂಡಳು. ನೆರೆಮನೆಯ ಮಕ್ಕಳೂ ಸಂಜೆಯ ಹೊತ್ತು ಬಂದು ಸೇರಿದರು.

ಮೊದಲಿನದು ಕಿವಿಯ ಆಟ. ಒಬ್ಬನು ಕರಡಿಯಾಗಿ ಕಣ್ಣು ಕಟ್ಟಿಸಿಕೊಂಡು ನಡುವೆ ಕೂರುವನು. ಉಳಿದವರಲ್ಲಿ ಒಬ್ಬನು ಝೇಂಕರಿಸಬೇಕು. ಸದ್ದು ಬಂದ ಕಡೆಗೆ ಕರಡಿಯು ಬೆರಳು ತೋರಬೇಕು. ಇದರ ಮರೆಯಲ್ಲಿ ಅಜ್ಜಿಯು ಅಕ್ಷರಪಾಠವನ್ನೂ ನಡೆಸಿದಳು. 'ಜೇನು' ಎನ್ನುವಾಗ ಬಾಯ ಮುಂದೆ ಹಿಡಿದ ಕಾಗದದ ಚೂರು ಅಷ್ಟಾಗಿ ಅಲುಗದು. 'ಝೇಂಕಾರ' ಎಂದು ಸರಿಯಾಗಿ ಉಸಿರು ಬಿಟ್ಟರೆ ಅದು ಹಾರುವುದು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವು ಕಾಗದದ ಚೂರಿನಿಂದಲೇ ತಿಳಿದುಹೋಯಿತು. ಅದಕ್ಕಿಂತಲೂ ಹೆಚ್ಚಾಗಿ, ಹೆದರಿಸುತ್ತಿದ್ದ ಸದ್ದು ಹುಡುಗನ ಬಾಯಿಂದಲೇ ಹೊರಡತೊಡಗಿತು.

ಎರಡನೆಯದು ಕೈಯ ಆಟ. ನೆಲದ ಮೇಲೆ ಒಂದು ನಾಣ್ಯವಿಟ್ಟು, ಅದೇ ಅಳತೆಯ ನಾಣ್ಯಗಳನ್ನು ಸುತ್ತಲೂ ಒತ್ತಾಗಿ ಜೋಡಿಸೆಂದಳು. ಎಷ್ಟು ಸಲ ಕೆದರಿ ಜೋಡಿಸಿದರೂ ಆರೇ! ಐದಕ್ಕೆ ಸಂದು ಉಳಿಯುವುದು, ಏಳನೆಯದಕ್ಕೆ ಎಡೆಯಿಲ್ಲ. ಜೇನಿನ ಹುಟ್ಟಿನ ಕೋಣೆಗೂ ಆರೇ ಗೋಡೆಗಳು. ಜಾಗವು ಸ್ವಲ್ಪವೂ ವ್ಯರ್ಥವಾಗದಂತೆ ಸಮನಾದ ಕೋಣೆಗಳನ್ನು ಕಟ್ಟಲು ಅತ್ಯಲ್ಪ ಮೇಣ ಸಾಕಾಗುವ ಆಕಾರವು ಇದೇ. ಪ್ರಾಚೀನರು ಊಹಿಸಿದ್ದ ಈ ಮಾತಿಗೆ ಪೂರ್ಣವಾದ ಗಣಿತಪ್ರಮಾಣವನ್ನು ಅಮೆರಿಕದ ಥಾಮಸ್ ಹೇಲ್ಸ್ ಒದಗಿಸಿದುದು 1999ರಲ್ಲಿ.

ಮೂರನೆಯದು ಕುಣಿತ. ಹೂವು ಕಂಡುಬಂದ ಜೇನು ಹುಟ್ಟಿಗೆ ಮರಳಿ, ಮೈಯನ್ನು ಅಲ್ಲಾಡಿಸುತ್ತ ಸ್ವಲ್ಪ ದೂರ ನೇರವಾಗಿ ನಡೆದು, ತಿರುಗಿ ಬಂದು, ಮತ್ತೆ ಅದೇ ದಾರಿಯಲ್ಲಿ ನಡೆಯುವುದು. ಆ ನಡಿಗೆಯ ಹೊತ್ತು ಹೆಚ್ಚಿದಷ್ಟೂ ಹೂವು ದೂರವೆಂದರ್ಥ. ಜೇನಿನ ಈ ಭಾಷೆಯನ್ನು ಬಿಡಿಸಿ ಓದಿದ ಕಾರ್ಲ್ ಫಾನ್ ಫ್ರಿಶ್ ಎಂಬ ವಿದ್ವಾಂಸನಿಗೆ 1973ರಲ್ಲಿ ನೊಬೆಲ್ ಬಹುಮಾನವು ಬಂದಿತು. ತುಡುವೆಯಂಥ ಜೇನುಗಳು ಕತ್ತಲೆಯ ಪೊಟರೆಯಲ್ಲಿ, ಲಂಬವಾಗಿ ತೂಗುವ ಹುಟ್ಟಿನ ಮೇಲೆ ಕುಣಿಯುವುದರಿಂದ ಸೂರ್ಯನ ದಿಕ್ಕನ್ನು ಮನಸ್ಸಿನಲ್ಲಿಯೇ ಲೆಕ್ಕಹಾಕಬೇಕು. ಕೋಲುಜೇನಿನದು ಸುಲಭ: ಕೊಂಬೆಯ ಮೇಲ್ಗಡೆ ಹಬ್ಬಿದ ಹುಟ್ಟಿನ ಸಮತಟ್ಟಾದ ನೆತ್ತಿಯಲ್ಲಿ ಅದು ಹೂವಿರುವ ದಿಕ್ಕಿಗೇ ಮುಖಮಾಡಿ ಕುಣಿಯುವುದು. ಅಜ್ಜಿಯು ಅಂಗಳದಲ್ಲಿ ಎಲ್ಲಿಯೋ ದಾಸವಾಳವೊಂದನ್ನು ಬಚ್ಚಿಟ್ಟು ಒಬ್ಬನಿಗೆ ಮಾತ್ರ ತೋರಿಸುವಳು. ಅವನು ಮಾತಾಡದೆ ಕುಣಿದೇ ತಿಳಿಸಬೇಕು; ಸೊಂಟ ಅಲ್ಲಾಡಿಸಿದ ಎಣಿಕೆಯಷ್ಟು ಹೆಜ್ಜೆಗಳನ್ನು ಉಳಿದವರು ಹಾಕಿ ಹೂವನ್ನು ಹುಡುಕಬೇಕು. ದಿಕ್ಕು, ದೂರ, ಎಣಿಕೆ ಮೂರೂ ನಗುವಿನ ನಡುವೆಯೇ ಬಂದುವು.

ಇನ್ನು ಕರಡಿಯ ಸರದಿ. ಪುಸ್ತಕದ ಕರಡಿಯು ಕನ್ನಡ ನಾಡಿನದಲ್ಲ. ಇಲ್ಲಿಯ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಹಲ್ಲುಗಳಿಲ್ಲ. ಆ ಸಂದಿನಿಂದ ಗೆದ್ದಲನ್ನು ಗಾಳಿಯೊಡನೆ ಹೀರಿಕೊಳ್ಳುವುದು, ಮಣ್ಣು ಸೇರದಂತೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಳ್ಳುವುದು. ಜೇನು ಅದಕ್ಕೆ ಪ್ರಿಯವೇ. ಆದರೆ ದಿನದ ಊಟವೆಂದರೆ ಗೆದ್ದಲು, ಇರುವೆ, ಕಾಡಿನ ಹಣ್ಣು. ಮಕ್ಕಳು ಪರಂಗಿ ಎಲೆಯ ದಂಟಿನ ಕೊಳವೆಯಿಂದ ಮಂಡಕ್ಕಿಯನ್ನು ಹೀರಿ ಎತ್ತುವ ಪಂದ್ಯ ಹೂಡಿದರು. ತಾಯಿಕರಡಿಯು ಮರಿಗಳನ್ನು ಬೆನ್ನಮೇಲೆ ಹೊತ್ತು ತಿರುಗುವುದೆಂದಾಗ ಉಪ್ಪುಮೂಟೆಯ ಆಟ ತಾನಾಗಿಯೇ ಆರಂಭವಾಯಿತು. ಅದರೊಡನೆ ಅಜ್ಜಿಯು ಮರೆಮಾಚದೆ ಇನ್ನೊಂದು ಮಾತನ್ನೂ ಹೇಳಿದಳು: ಹಂಪೆಗೆ ಸಮೀಪದ ದರೋಜಿಯಲ್ಲಿ 1994ರಿಂದ ಕರಡಿಗಳಿಗೆಂದೇ ರಕ್ಷಿತಾರಣ್ಯವಿದೆ, ಅಲ್ಲಿಯ ಕರಡಿ ಯಾರ ಆಟಿಕೆಯೂ ಅಲ್ಲ, ಥಟ್ಟನೆ ಎದುರಾದವನ ಮೇಲೆ ಬಿದ್ದು ಸೀಳಿಬಿಡಬಲ್ಲುದು. ಹಿಂದೆ ಮೂಗಿಗೆ ಹಗ್ಗ ಪೋಣಿಸಿ ಬೀದಿಯಲ್ಲಿ ಕರಡಿಯನ್ನು ಕುಣಿಸುತ್ತಿದ್ದರು; ಹೆದರಿಕೆ ಹೋಗಲೆಂದು ಮಕ್ಕಳನ್ನು ಅದರ ಮೇಲೆ ಕೂರಿಸುತ್ತಿದ್ದರು. ಅಜ್ಜಿಯೂ ಬಾಲ್ಯದಲ್ಲಿ ಕುಳಿತವಳೇ. "ನನ್ನ ಹೆದರಿಕೆ ಹೋಯಿತೋ ಇಲ್ಲವೋ, ಅದರ ಮೂಗಿನ ಗಾಯ ಮಾತ್ರ ಇಂದಿಗೂ ಕಣ್ಣಮುಂದಿದೆ" ಎಂದಳು.

ಹುಡುಗನು ಬಹಳ ಹೊತ್ತು ಸುಮ್ಮನಿದ್ದು, "ಅಜ್ಜೀ, ನನ್ನನ್ನು ಕುಟುಕಿದ ಜೇನು ಈಗ ಎಲ್ಲಿದೆ?" ಎಂದು ಕೇಳಿದನು.

ಸುಳ್ಳು ಹೇಳುವುದು ಸುಲಭವಾಗಿತ್ತು. ಅಜ್ಜಿಯು ಹೇಳಲಿಲ್ಲ. "ಅದು ಸತ್ತುಹೋಯಿತು ಮಗು. ಕೊಂಡಿಯು ನಮ್ಮ ಚರ್ಮಕ್ಕೆ ನಾಟಿದರೆ ಕಿತ್ತುಬರುತ್ತದೆ, ಜೇನು ಉಳಿಯುವುದಿಲ್ಲ. ಮನೆಯನ್ನು ಯಾರೋ ತಿವಿದರೆಂದು ಅದು ಪ್ರಾಣವನ್ನೇ ಕೊಟ್ಟಿತು."

ಅಂದು ಹುಡುಗನು ಅತ್ತನು. ಆದರೆ ಅದು ಹೆದರಿಕೆಯ ಅಳುವಾಗಿರಲಿಲ್ಲ.

ಕೊನೆಯ ಆಟಕ್ಕೆ ಅಜ್ಜಿಯು ಬರಿದಾದ ಒಂದು ಚಮಚವನ್ನು ತಂದಳು. ಒಂದು ಜೇನು ತನ್ನ ಆಯುಷ್ಯದಲ್ಲೆಲ್ಲ ಕೂಡಿಸುವ ತುಪ್ಪವು ಚಹದ ಚಮಚದ ಹನ್ನೆರಡರಲ್ಲಿ ಒಂದು ಪಾಲೆಂಬುದು ಜೇನು ಸಾಕುವವರು ಸಾಮಾನ್ಯವಾಗಿ ಹೇಳುವ ಲೆಕ್ಕ. ಹನ್ನೆರಡು ಮಕ್ಕಳು ಸಾಲಾಗಿ ಬಂದು ಒಬ್ಬೊಬ್ಬರು ಒಂದೊಂದು ತೊಟ್ಟು ಹಾಕಿದರು. ತುಂಬಿದ ಚಮಚವನ್ನು ಹುಡುಗನು ತನ್ನ ಎಂಟು ತಿಂಗಳ ತಂಗಿಯ ಬಾಯಿಗೆ ಒಯ್ದಾಗ ತಾಯಿಯು ತಡೆದಳು. ವರ್ಷ ತುಂಬದ ಶಿಶುವಿಗೆ ಜೇನುತುಪ್ಪವನ್ನು ನೆಕ್ಕಿಸಲೂ ಬಾರದು, ಅದರಲ್ಲಿರಬಹುದಾದ ಸೂಕ್ಷ್ಮಾಣುವೊಂದು ಎಳೆಯ ಕರುಳಿನಲ್ಲಿ ಬೆಳೆದು ವಿಷವಾದೀತೆಂದು ವೈದ್ಯರು ಹೇಳುತ್ತಾರೆ. ಹುಟ್ಟಿದ ಕೂಸಿನ ನಾಲಗೆಗೆ ಜೇನು ತಾಗಿಸುವ ಪದ್ಧತಿಯಲ್ಲಿ ಬೆಳೆದ ಅಜ್ಜಿಗೆ ಇದು ಹೊಸ ಪಾಠ. ಅವಳು ಸೊಸೆಯ ಮಾತಿಗೆ ತಲೆಯಾಡಿಸಿ, "ಇವತ್ತು ನಾನೂ ಒಂದು ಕಲಿತೆ" ಎಂದು ಮಕ್ಕಳೆದುರಿಗೇ ಒಪ್ಪಿಕೊಂಡಳು. ಆ ದಿನದ ಪಾಠಗಳಲ್ಲಿ ಇದೇ ದೊಡ್ಡದೆನ್ನಬಹುದು.

ತಿಂಗಳು ಕಳೆಯಿತು, ಪಂಜಿನ ಮಾತನ್ನು ತಂದೆಯು ಮತ್ತೆ ಎತ್ತಲಿಲ್ಲ. ಹೂವಿನ ಕಾಲ ಮುಗಿದ ಮೇಲೆ ಕೋಲುಜೇನು ತಾನಾಗಿಯೇ ಬೇರೆಡೆಗೆ ಎದ್ದುಹೋಯಿತು. ಅದರ ಸ್ವಭಾವವೇ ಅದು. ಬರಿಯ ಹುಟ್ಟನ್ನು ಹುಡುಗನು ಅಂಗೈಯಲ್ಲಿಟ್ಟುಕೊಂಡು, ಒಂದು ಕೋಣೆಯ ಗೋಡೆಗಳನ್ನು ಕಡ್ಡಿಯ ತುದಿಯಿಂದ ಮುಟ್ಟುತ್ತ ಆರರವರೆಗೆ ಎಣಿಸಿದನು.

ಆ ರಾತ್ರಿ ಅವನು ಹಳೆಯ ಕಥೆಯನ್ನೇ ಕೇಳಿದನು. ಕರಡಿಯು ಕೆಸರು ಬಳಿದುಕೊಂಡು ಬೆಲೂನು ಹಿಡಿದಾಗ, "ಬೇಡ ಕರಡಿಯಣ್ಣಾ, ಅವು ಮೋಸಹೋಗುವುದಿಲ್ಲ" ಎಂದು ಬುದ್ಧಿ ಹೇಳಿದನು. ಕರಡಿಯು ಕೇಳಲಿಲ್ಲ. ಹುಡುಗನು ಮೊದಲಿನಂತೆಯೇ ಹೊಟ್ಟೆ ಹಿಡಿದುಕೊಂಡು ನಕ್ಕನು.