ಡೇರೆಯಲ್ಲಿ ಆಕಾಶ ತೋರಿಸುವ ಹಿರಿಯ

ಬೇಸಿಗೆಯ ರಾತ್ರಿ ಉತ್ತರಕ್ಕೆ ನೋಡಿದರೆ ನಮಗೆ ಸಪ್ತರ್ಷಿಗಳು ಕಾಣುತ್ತಾರೆ. ಕೆನಡಾದ ಕ್ರೀ ಜನರಿಗೆ ಅದೇ ಜಾಗದಲ್ಲಿ ಒಂದು ದೊಡ್ಡ ಕರಡಿ ಕಾಣುತ್ತದೆ. ಅದರ ಹೆಸರು ಮಿಸ್ಟ ಮಸ್ಕ್ವ. ಸೊಕ್ಕಿನಿಂದ ಎಲ್ಲ ಪ್ರಾಣಿಗಳನ್ನೂ ಕಾಡುತ್ತಿದ್ದ ಆ ಕರಡಿಯನ್ನು ಏಳು ಹಕ್ಕಿಗಳು ಬೆನ್ನಟ್ಟಿದವಂತೆ. ಓಡಿ ಓಡಿ ಅದು ಆಕಾಶಕ್ಕೇ ನೆಗೆಯಿತು. ಬಾಣ ತಾಗಿ ಚಿಮ್ಮಿದ ಅದರ ರಕ್ತಕ್ಕೇ ಅಲ್ಲಿನ ಕಾಡಿನ ಎಲೆಗಳು ಕೆಂಪಾದವು ಎನ್ನುತ್ತಾರೆ.

ಇಂಥ ಕತೆಗಳನ್ನು ಉಳಿಸಲು ದುಡಿದವರಲ್ಲಿ ವಿಲ್ಫ್ರೆಡ್ ಬಕ್ ಮುಖ್ಯರು. ಮ್ಯಾನಿಟೋಬಾ ಪ್ರಾಂತ್ಯದ ಒಪಾಸ್ಕ್ವಾಯಕ್ ಎಂಬ ಕ್ರೀ ಸಮುದಾಯಕ್ಕೆ ಸೇರಿದವರು. ಹಿರಿಯರ ಬಳಿ ಕೂತು, ಕೇಳಿ, ಒಂದೊಂದೇ ನಕ್ಷತ್ರದ ಹೆಸರು, ಕತೆ ಕೂಡಿಸಿದರು. 2018ರಲ್ಲಿ ಅವನ್ನು ಪುಸ್ತಕವಾಗಿ ತಂದರು.

ಹೀಗೆ ಹುಡುಕಿ ಕೂಡಿಸುವ ಗತಿ ಯಾಕೆ ಬಂತು? ಸರ್ಕಾರ ಮತ್ತು ಚರ್ಚುಗಳು ನಡೆಸಿದ ವಸತಿ ಶಾಲೆಗಳಿಗೆ 1,50,000ಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ಸೇರಿಸಲಾಯಿತು. ಎಷ್ಟೋ ಮಕ್ಕಳನ್ನು ಹೆತ್ತವರಿಂದ ಬಲವಂತವಾಗಿ ಕಿತ್ತುಕೊಂಡರು. ಅಲ್ಲಿ ತಾಯಿನುಡಿ ಆಡಿದರೆ ಶಿಕ್ಷೆ. 1990ರ ದಶಕದವರೆಗೂ ಇಂಥ ಶಾಲೆಗಳಿದ್ದವು. ಕತೆ ಹೇಳಲು ಅಜ್ಜಿ ಇದ್ದಳು, ಕೇಳಲು ಮೊಮ್ಮಕ್ಕಳಿರಲಿಲ್ಲ.

ಬಕ್ ಅವರು ಪುಸ್ತಕ ಬರೆದು ಸುಮ್ಮನಾಗಲಿಲ್ಲ. ಗಾಳಿ ತುಂಬಿ ನಿಲ್ಲಿಸುವ ತಾರಾಲಯದ ಡೇರೆಯನ್ನು ಶಾಲೆಯಿಂದ ಶಾಲೆಗೆ ಒಯ್ದರು. ಮಕ್ಕಳು ಅದರೊಳಗೆ ಕೂತು ತಮ್ಮದೇ ಭಾಷೆಯ ಹೆಸರುಗಳಲ್ಲಿ ಆಕಾಶ ನೋಡಿದರು. ನಾವು ಕೃತ್ತಿಕೆ ಎನ್ನುವ ನಕ್ಷತ್ರಗಳ ಗುಂಪು ಅವರಿಗೆ ಪಕೋನೆ ಕೀಸಿಕ್, ಅಂದರೆ ಆಕಾಶದ ತೂತು. ಆ ತೂತಿನಿಂದಲೇ ಜೇಡಜ್ಜಿಯ ನೂಲು ಹಿಡಿದು ನಕ್ಷತ್ರಲೋಕದ ಹೆಣ್ಣು ಭೂಮಿಗೆ ಇಳಿದಳಂತೆ.

ಇದನ್ನು ಓದುವಾಗ ನಮಗೆ ನಮ್ಮ ಊರುಗಳೇ ನೆನಪಾದವು. ಕೃತ್ತಿಕೆ, ರೋಹಿಣಿ, ಮೃಗಶಿರ ಎಂದು ಮಳೆಗೆ ನಕ್ಷತ್ರದ ಹೆಸರಿಟ್ಟು ಬಿತ್ತನೆ ಮಾಡಿದವರು ನಾವು. ಆ ಹೆಸರುಗಳು ಕ್ಯಾಲೆಂಡರಿನಲ್ಲಿ ಇನ್ನೂ ಇವೆ. ಆದರೆ ಅಂಗಳದಲ್ಲಿ ನಿಂತು, ಕೃತ್ತಿಕೆ ಅಲ್ಲಿದೆ ನೋಡು ಎಂದು ಬೆರಳು ಮಾಡಿ ತೋರಿಸುವವರು ಊರಿಗೆ ಎಷ್ಟು ಜನ ಸಿಕ್ಕಾರು? ನಮ್ಮ ಮಕ್ಕಳನ್ನು ಯಾರೂ ಹೀಗೆ ಎಳೆದೊಯ್ದಿರಲಿಲ್ಲ. ನಾವೇ ಕೇಳುವುದನ್ನು ಬಿಟ್ಟೆವು.

ಕೈಯಲ್ಲಿ ಫೋನಿದೆ. ಮನೆಯ ಹಿರಿಯರು ಮಳೆ, ನಕ್ಷತ್ರಗಳ ಬಗ್ಗೆ ಹೇಳುವುದನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಫೋನ್ ಬದಿಗಿಟ್ಟು, ಒಂದು ಮಗುವನ್ನು ಅಂಗಳಕ್ಕೆ ಕರೆದು ಹೇಳಿ. ಬಕ್ ಅವರು ಮಾಡಿದ್ದೂ ಅದನ್ನೇ.